ಪಾವತಿ ಪುಸ್ತಕದಲ್ಲಿ ಸಿಕ್ಕ ಖಡೇಬಜಾರ

ಬೆಳಗಾವಿಯ ಶಹಾಪುರ ಖಡೇಬಜಾರಿನಲ್ಲಿ 1962ರಿಂದ 2004ರವರೆಗೆ ಯಾವ ಅಂಗಡಿಯ ಮಗ್ಗುಲಿಗೆ ಯಾವ ಅಂಗಡಿ ಇತ್ತು ಎಂಬುದನ್ನು ಇಂದು ನಾನು, ನಡುವಿನ ಕೆಲವು ವರ್ಷಗಳನ್ನು ಬಿಟ್ಟು, ಸಾಲಾಗಿ ಹೇಳಬಲ್ಲೆ. ಸುಮಾರು ನಾನೂರು ಅಂಗಡಿಗಳ ಲೆಕ್ಕ ನನ್ನಲ್ಲಿದೆ; ಅವುಗಳಲ್ಲಿ ಮುನ್ನೂರಕ್ಕೂ ಹೆಚ್ಚು ಈಗ ಇಲ್ಲ. ಈ ಕೆಲಸಕ್ಕೆ ನಾಲ್ಕು ವರ್ಷ ಹಿಡಿಯಿತು, ಅರವತ್ತು ಸಾವಿರ ರೂಪಾಯಿಯ ಆಸುಪಾಸು ಖರ್ಚಾಯಿತು, ಮೊದಲ ಎರಡು ವರ್ಷಗಳ ದುಡಿಮೆ ಬಹುಪಾಲು ನೀರಿನಲ್ಲಿ ಹೋಯಿತು. ತಮ್ಮ ಊರಿನ ಹಳೆಯ ಪೇಟೆಯ ನೆನಪುಗಳನ್ನು ಕೂಡಿಸುತ್ತಿರುವವರು ಈಗ ಹಲವರಿದ್ದಾರೆ. ಅವರು ನಾನು ಕಳೆದುಕೊಂಡ ಎರಡು ವರ್ಷಗಳನ್ನು ಕಳೆದುಕೊಳ್ಳದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಇತಿಹಾಸ ಓದಿದವನಲ್ಲ. ಶಹಾಪುರದ ಒಂದು ಮುದ್ರಣಾಲಯದಲ್ಲಿ ಮೊದಲು ಅಚ್ಚಿನ ಮೊಳೆ ಜೋಡಿಸಿ, ಆಫ್‌ಸೆಟ್ ಬಂದ ಮೇಲೆ ಕರಡು ತಿದ್ದಿ, ಒಟ್ಟು ಮೂವತ್ತೊಂದು ವರ್ಷ ದುಡಿದವನು. ಲಗ್ನಪತ್ರಿಕೆ, ಬಿಲ್ ಪುಸ್ತಕ, ದೀಪಾವಳಿಯ ಶುಭಾಶಯ ಪತ್ರ ಇವುಗಳ ಮೂಲಕ ಪೇಟೆಯ ಬಹುತೇಕ ಅಂಗಡಿಕಾರರ ಹೆಸರುಗಳು ನನ್ನ ಬೆರಳುಗಳ ನಡುವೆ ಹಾದುಹೋಗಿವೆ. ಮಗ್ಗದವರಿಗೆ ಜರಿ ಮತ್ತು ರೇಷ್ಮೆ ನೂಲು ಮಾರುವವರು, ನೂಲಿಗೆ ಬಣ್ಣ ಹಾಕುವವರು, ಕಲಾಯಿಯವರು, ಛತ್ರಿ ದುರಸ್ತಿಯವರು, ಟೋಪಿ ಮತ್ತು ಪಟಕದ ಅಂಗಡಿಯವರು, ಗೋಲಿ ಸೋಡಾದವರು, ತಾಸಿನ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುವವರು ಒಬ್ಬೊಬ್ಬರಾಗಿ ಹೋದರು. ಹಂಚಿನ ಮಾಳಿಗೆಗಳು ಬಿದ್ದ ಜಾಗದಲ್ಲಿ ಶಟರಿನ ಕಾಂಪ್ಲೆಕ್ಸುಗಳು ಎದ್ದವು. ಹತ್ತಿರದವರನ್ನು ಕಳೆದುಕೊಂಡಷ್ಟೇ ಸಂಕಟ ನನಗಾಯಿತು.

ಮೊದಲ ಪ್ರಯತ್ನದಲ್ಲಿ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಒಂದು ಮಂಗಲ ಕಾರ್ಯಾಲಯದ ಸಣ್ಣ ಕೋಣೆಯನ್ನು ಬಾಡಿಗೆಗೆ ಹಿಡಿದು, ಗೋಡೆಗೆ ಪೇಟೆಯ ದೊಡ್ಡ ನಕ್ಷೆಯನ್ನು ಅಂಟಿಸಿ, ಹಿರಿಯರು ಇಪ್ಪತ್ತು ಮಂದಿಯನ್ನು ಕರೆದು, ಎಲ್ಲಿ ಏನಿತ್ತು ಎಂದು ಕೇಳಿದೆ. ಬಾಡಿಗೆ, ಮೈಕು, ಚಹಾ, ಚೂಡಾ ಎಲ್ಲ ಸೇರಿ ನಾಲ್ಕೂವರೆ ಸಾವಿರ ಖರ್ಚಾಯಿತು. ಎರಡು ತಾಸಿನ ಕೊನೆಗೆ ಒಂದೇ ಮೂಲೆಯಲ್ಲಿ ಐದು ಅಂಗಡಿಗಳು ಬಂದು ಕುಳಿತಿದ್ದವು. ಒಬ್ಬರು ಹೇಳಿದ್ದು 1965ರ ಪೇಟೆ, ಇನ್ನೊಬ್ಬರು ಹೇಳಿದ್ದು 1985ರ ಪೇಟೆ, ಇಬ್ಬರೂ ಅದನ್ನು "ಆಗಿನ ಕಾಲ" ಎಂದೇ ಕರೆಯುತ್ತಿದ್ದರು. ಇಬ್ಬರು ಬೀಗರು ಒಂದು ಖಾನಾವಳಿ ಎಡಕ್ಕಿತ್ತೋ ಬಲಕ್ಕಿತ್ತೋ ಎಂಬ ವಿಷಯಕ್ಕೆ ಮಾತು ಬಿಟ್ಟರು. ಹಿರಿಯರ ನೆನಪು ಸುಳ್ಳಾಗಿರಲಿಲ್ಲ. ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿ ಎಂದು ಕೇಳಿದ್ದು ನನ್ನ ತಪ್ಪು. ಪೇಟೆಯಲ್ಲಿ ಬದುಕಿದವರು ಅದನ್ನು ಎಂದೂ ಮೇಲಿನಿಂದ ನೋಡಿರುವುದಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಎರಡನೆಯದಾಗಿ ದಾಖಲೆಗಳ ಬೆನ್ನು ಹತ್ತಿದೆ. ಸಿಟಿಎಸ್ ನಂಬರು, ಅಂದರೆ ನಗರ ಮೋಜಣಿಯಲ್ಲಿ ಜಾಗಕ್ಕೆ ಕೊಟ್ಟ ನಂಬರು, ಹಿಡಿದು ಉತಾರ (ಜಾಗದ ಹಕ್ಕಿನ ದಾಖಲೆಯ ಪ್ರತಿ) ತೆಗೆಸಿದರೆ ಜಾಗದ ಮಾಲೀಕರ ಹೆಸರು ಸಿಗುತ್ತದೆ, ಅಂಗಡಿ ಯಾರದೆಂದು ಸಿಗುವುದಿಲ್ಲ. ನಮ್ಮ ಪೇಟೆಯಲ್ಲಿ ಅಂಗಡಿ ನಡೆಸಿದವರಲ್ಲಿ ಹೆಚ್ಚಿನವರು ಬಾಡಿಗೆದಾರರು; ಮೂರು ತಲೆಮಾರು ಒಂದೇ ಕಟ್ಟೆಯ ಮೇಲೆ ಕುಳಿತು ವ್ಯಾಪಾರ ಮಾಡಿದವರ ಹೆಸರು ಉತಾರದ ಒಂದು ಸಾಲಿನಲ್ಲಿಯೂ ಬಂದಿಲ್ಲ. ಹಳೆಯ ಪರವಾನಗಿ ರಿಜಿಸ್ಟರುಗಳನ್ನು ಸ್ಕ್ಯಾನ್ ಮಾಡಿಸಿಕೊಡುತ್ತೇನೆಂದು ಒಬ್ಬ ಮಧ್ಯವರ್ತಿ ಏಳು ಸಾವಿರ ರೂಪಾಯಿ ಪಡೆದು, ಕೊನೆಗೆ ಬೇರೆ ಭಾಗದ, ಅದೂ ಪುಟಗಳು ಹಿಂದುಮುಂದಾದ ಒಂದು ಸಿ.ಡಿ. ಕೊಟ್ಟುಹೋದ. ಆ ದುಡ್ಡು ಮರಳಿ ಬರಲಿಲ್ಲ. ಉತಾರಗಳು ಮುಂದೆ ಬೇರೆ ರೀತಿಯಲ್ಲಿ ಕೆಲಸಕ್ಕೆ ಬಂದವು. ಅದನ್ನು ಮುಂದೆ ಹೇಳುತ್ತೇನೆ.

ಮೂರನೆಯದು ಫೋಟೊಗಳು. ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಅಂಗಡಿಯಲ್ಲಿ ಫೋಟೊ ತೆಗೆಸುವ ರೂಢಿ ನಮ್ಮಲ್ಲಿತ್ತು. ಮನೆಮನೆಗೆ ಹೋಗಿ ಅರವತ್ತು ಎಪ್ಪತ್ತು ಫೋಟೊಗಳನ್ನು ಪ್ರತಿ ಮಾಡಿಸಿದೆ. ಒಂಬತ್ತು ಸಾವಿರದ ಮೇಲೆ ಹೋಯಿತು. ಫೋಟೊಗಳು ಬಹಳ ಚೆನ್ನಾಗಿವೆ. ಬಾಳೆಕಂದು, ಕಬ್ಬಿನ ಗಳ, ಪೂಜೆಗಿಟ್ಟ ಹೊಸ ಕಿರ್ದಿ ಪುಸ್ತಕಗಳು, ಹೊಸ ಟೋಪಿ ಹಾಕಿಕೊಂಡ ಹುಡುಗರು ಎಲ್ಲ ಕಾಣುತ್ತಾರೆ. ಆದರೆ ಕ್ಯಾಮೆರಾ ಅಂಗಡಿಯ ಒಳಗೇ ನೋಡುತ್ತದೆ, ಪಕ್ಕದ ಅಂಗಡಿ ಯಾವುದು ಎಂಬುದಕ್ಕೆ ಅದರಲ್ಲಿ ಸಾಕ್ಷಿಯಿಲ್ಲ.

ಕೊನೆಗೆ ದಾರಿ ಸಿಕ್ಕದ್ದು ಹೀಗೆ: ನಮ್ಮ ಗಲ್ಲಿಯ ಗಣೇಶೋತ್ಸವ ಮಂಡಳದ ಹಳೆಯ ಟ್ರಂಕನ್ನು ಸ್ಥಳಾಂತರಿಸುವಾಗ ಕೈ ಹಚ್ಚಲು ನನ್ನನ್ನು ಕರೆದಿದ್ದರು. ಮೇಲೆ ಬಣ್ಣಗೆಟ್ಟ ಝಾಲರು, ಹರಿದ ಪರದೆ. ಕೆಳಗೆ ಸುತಳಿ ಕಟ್ಟಿದ ಪಾವತಿ ಪುಸ್ತಕಗಳ ಗಂಟುಗಳು. ಪಟ್ಟಿ, ಅಂದರೆ ಹಬ್ಬದ ವಂತಿಗೆ, ಎತ್ತಿದಾಗ ಪಾವತಿ (ರಸೀದಿ) ಹರಿದುಕೊಟ್ಟ ಮೇಲೆ ಪುಸ್ತಕದಲ್ಲಿ ಉಳಿಯುವ ಅರ್ಧ ಭಾಗಗಳು ಅವು. ಗಣಪತಿಯ ದುಡ್ಡಿನ ಲೆಕ್ಕವನ್ನು ಒಲೆಗೆ ಹಾಕಬಾರದೆಂದು ಹಿಂದಿನ ಖಜಾಂಚಿಗಳು ಒಂದನ್ನೂ ಎಸೆದಿರಲಿಲ್ಲ. ನಾನು ಒಂದು ಪುಸ್ತಕವನ್ನು ಬಿಡಿಸಿ ನಂಬರಿನ ಪ್ರಕಾರ ಓದುತ್ತಾ ಹೋದೆ: ಕಿರಾಣಿ, ಅದರ ಮುಂದೆ ಭಾಂಡೆ ಅಂಗಡಿ, ಅದರ ಮುಂದೆ ಇಬ್ಬರು ಸರಾಫರು, ಆಮೇಲೆ ಛತ್ರಿ. ಐದನೆಯ ಹೆಸರಿಗೆ ಬರುವಷ್ಟರಲ್ಲಿ ನನ್ನ ಕೈ ನಡುಗಿತು. ಪಟ್ಟಿ ಎತ್ತುವ ಹುಡುಗರು ಅಂಗಡಿಯಿಂದ ಅಂಗಡಿಗೆ ಕಾಲ್ನಡಿಗೆಯಲ್ಲಿ ಹೋಗುತ್ತಾರೆ, ಆದ್ದರಿಂದ ಪಾವತಿಯ ನಂಬರೇ ರಸ್ತೆಯ ಸಾಲು. ಪ್ರತಿ ವರ್ಷ ಶ್ರಾವಣದಲ್ಲಿ ಯಾರೋ ಈ ಪೇಟೆಯನ್ನು ತುದಿಯಿಂದ ತುದಿಗೆ ನಡೆದು, ಅಂಗಡಿಗಳನ್ನು ವರಸೆಯಾಗಿ ಬರೆದಿಟ್ಟಿದ್ದರು, ಮತ್ತು ಅಂಥ ಪುಸ್ತಕಗಳನ್ನು ಮುದ್ರಿಸಿ ನಂಬರು ಹಾಕಿ ಹೊಲಿದವರಲ್ಲಿ ನಾನೂ ಒಬ್ಬನಾಗಿದ್ದೆ.

ಪರಿಚಯದ ಇತಿಹಾಸದ ಉಪನ್ಯಾಸಕರೊಬ್ಬರಿಗೆ ಹೇಳಿದಾಗ ಅವರು, "ಏನ್ರೀ, ಗಣಪತಿ ಪಟ್ಟಿಯಾಗ ಇತಿಹಾಸ ಇರ್ತದೇನ್ರೀ? ಕೊಡದೇ ಇದ್ದವರು ಎಲ್ಲಿ ಹೋದ್ರು?" ಎಂದರು. ಪ್ರಶ್ನೆ ಸರಿಯಾಗಿಯೇ ಇತ್ತು. ಮಂಡಳದ ಹುಡುಗರೂ ನಕ್ಕರು. ಮನೆಯಲ್ಲಿ ಮಗ, ಫೋನಿನಲ್ಲಿಯೇ ಎಲ್ಲರ ಮಾತು ರೆಕಾರ್ಡ್ ಮಾಡಿಕೊಂಡರೆ ಸಾಕು, ಈ ಕಾಗದ ಯಾಕೆ ಎಂದ.

ಈಗ ಕೆಲಸದ ವಿಷಯ. ಟ್ರಂಕಿನಲ್ಲಿಯೂ ನಂತರ ಹಳೆಯ ಖಜಾಂಚಿಗಳ ಮನೆಗಳಲ್ಲಿಯೂ ಸೇರಿ ನಲವತ್ತಮೂರು ವರ್ಷಗಳ ಪೈಕಿ ಇಪ್ಪತ್ತೊಂಬತ್ತು ವರ್ಷಗಳ ಪುಸ್ತಕಗಳು ಸಿಕ್ಕವು. ಪ್ರತಿ ವರ್ಷಕ್ಕೆ ಗ್ರಾಫ್ ಕಾಗದದ ಒಂದು ಉದ್ದನೆಯ ಸೀಳು ಮಾಡಿ, ಒಂದು ಪಾವತಿಗೆ ಒಂದು ಮನೆಯಂತೆ ಹೆಸರುಗಳನ್ನು ಬರೆದು, ಸೀಳುಗಳನ್ನು ಒಂದರ ಕೆಳಗೊಂದು ಹಾಸಿದೆ. ಹಾಸಿದ ಕೂಡಲೇ ಎಲ್ಲ ಕೂಡಿಬರುತ್ತದೆಂದು ತಿಳಿದಿದ್ದೆ, ಬರಲಿಲ್ಲ. ಕಾರಣ "ನಾಳೆ ಬರ್ರಿ" ಎಂದ ಅಂಗಡಿಕಾರರು. ಅವರ ಪಾವತಿ ಎರಡು ದಿನ ಬಿಟ್ಟು ಹರಿಯುವುದರಿಂದ ನಂಬರು ಎಲ್ಲೋ ಕೊನೆಗೆ ಹೋಗುತ್ತದೆ. ಒಬ್ಬ ಬಟ್ಟೆ ವ್ಯಾಪಾರಿ ಹದಿನೇಳು ವರ್ಷಗಳ ಪುಸ್ತಕಗಳಲ್ಲಿ ಸತತವಾಗಿ ಕಡೆಯ ಪುಟದಲ್ಲಿದ್ದಾರೆ. ಆದ್ದರಿಂದ ಮೊದಲ ದಿನದ ತಾರೀಖಿನ ಪಾವತಿಗಳನ್ನಷ್ಟೇ ಸಾಲಿಗೆ ಹಿಡಿದು, ಉಳಿದವನ್ನು ಬೇರೆ ಚೀಟಿಗಳಲ್ಲಿ ಬರೆದು, ಆಮೇಲೆ ಜಾಗ ಹುಡುಕಿ ಕೂರಿಸಬೇಕು. ಕೆಲವು ವರ್ಷ ಹುಡುಗರು ಎರಡು ತಂಡ ಮಾಡಿಕೊಂಡು ಎರಡೂ ಬದಿಯಿಂದ ಹೊರಟಿದ್ದಾರೆ. 1968ರಲ್ಲಿ ಹೀಗಾಗಿದ್ದು ನನಗೆ ತಿಳಿಯದೆ ಮೂರು ತಿಂಗಳು ಸರಾಫರ ನಡುವೆ ಉಳ್ಳಾಗಡ್ಡಿ ಬಟಾಟೆಯ ಅಂಗಡಿಗಳನ್ನು ಇಟ್ಟುಕೊಂಡು ತಲೆ ಕೆಡಿಸಿಕೊಂಡೆ. ಕೊನೆಗೆ ಎರಡು ಪುಸ್ತಕಗಳ ಅಕ್ಷರ ಬೇರೆ ಬೇರೆ ಎಂದು ಗಮನಿಸಿ ಬಿಡಿಸಿದೆ.

ಸೀಳುಗಳನ್ನು ಹೊಂದಿಸಲು ಅಲುಗದ ಗೂಟಗಳು ಬೇಕು. ಎಲ್ಲ ವರ್ಷಗಳಲ್ಲಿಯೂ ಜಾಗ ಬದಲಿಸದ ಹನ್ನೊಂದು ಅಂಗಡಿಗಳು ನಮ್ಮಲ್ಲಿದ್ದವು, ಜಾಗದ ಮಾಲೀಕರೇ ನಡೆಸಿದವು. ಇಲ್ಲಿಯೇ ಆ ಉತಾರಗಳು ಉಪಯೋಗಕ್ಕೆ ಬಂದದ್ದು. ಅಂಗಡಿ ಒಡೆದು ನಾಲ್ಕಾಗಲಿ, ನಾಲ್ಕು ಕೂಡಿ ಒಂದು ಶೋರೂಮ್ ಆಗಲಿ, ಹಳೆಯ ಸಿಟಿಎಸ್ ನಂಬರು ಹಿಡಿದರೆ ಜಾಗ ತಪ್ಪುವುದಿಲ್ಲ. ಹನ್ನೊಂದು ಗೂಟಗಳ ನಡುವೆ ಹಗ್ಗ ಬಿಗಿದಂತೆ ಸೀಳುಗಳನ್ನು ಎಳೆದಾಗ ಪೇಟೆ ನಿಂತುಕೊಂಡಿತು. ಎರಡು ವರ್ಷದ ಪುಸ್ತಕ ಮತ್ತು ಒಬ್ಬ ಮನುಷ್ಯನ ನೆನಪು, ಈ ಮೂರೂ ಕೂಡದ ಹೊರತು ಯಾವ ಅಂಗಡಿಯನ್ನೂ ಕೂರಿಸಬಾರದೆಂಬ ನಿಯಮವನ್ನು ನಾನು ಕಡೆಯವರೆಗೆ ಪಾಲಿಸಿದೆ. ನನ್ನ ಬಾಲ್ಯದ ಪುಠಾಣಿ ಅಂಗಡಿಯೇ ಈ ನಿಯಮಕ್ಕೆ ನಿಲ್ಲದೆ ಹೊರಗುಳಿದಿದೆ.

ತಾರೀಖು ಇಲ್ಲದ, ಹೊದಿಕೆ ಹರಿದ ಪುಸ್ತಕಗಳ ವರ್ಷ ಕಂಡುಹಿಡಿಯುವುದರಲ್ಲಿ ನನ್ನ ಹಳೆಯ ಕಸುಬು ಕೈಹಿಡಿಯಿತು. ಇದರಲ್ಲಿ ನನ್ನನ್ನು ಮೀರಿಸುವವರು ಕಡಿಮೆ ಎಂದು ಹೇಳಿಕೊಳ್ಳಲು ಸಂಕೋಚವಿಲ್ಲ. ಮೊತ್ತದ ಮುಂದೆ "ನ.ಪೈ." ಎಂದು ಅಚ್ಚಾಗಿದ್ದರೆ ಅದು ನಯಾ ಪೈಸೆಯ ಕಾಲ, ಅಂದರೆ 1957ರಿಂದ 1964ರ ನಡುವಿನದು, ಹಳೆಯ ಅಚ್ಚನ್ನೇ ಮುಂದಿನ ಒಂದೆರಡು ವರ್ಷ ಓಡಿಸಿರುವುದೂ ಉಂಟು. "ಮೈಸೂರು ರಾಜ್ಯ" ಎಂದಿದ್ದರೆ 1973ರ ನವೆಂಬರಿಗಿಂತ ಹಿಂದಿನದು. 590003 ಎಂಬ ಪಿನ್ ಕೋಡ್ ಇದ್ದರೆ ಪಿನ್ ಜಾರಿಯಾದ 1972ರ ಆಗಸ್ಟಿನ ನಂತರದ್ದು. ಇವು ಮೂರೂ ಹೇಳಬಹುದಾದ ಗುರುತುಗಳು. ನಾಲ್ಕನೆಯ ಒಂದು ಗುರುತಿದೆ, ಅದು ಮೊಳೆ ಜೋಡಿಸಿದವನ ಕಣ್ಣಿಗೆ ಮಾತ್ರ ಬೀಳುವಂಥದ್ದು, ಅದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಅರವತ್ತರ ದಶಕದ ಒಬ್ಬ ಹಿರಿಯ ಖಜಾಂಚಿ ಷರಾಗಳನ್ನು ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಹಳೆಯ ಕೂಡುಬರಹದಲ್ಲಿ, ಬರೆದಿದ್ದರು. ಅದನ್ನು ಓದಿಸಲು ಸಾವಿರದ ಐನೂರು ಕೊಟ್ಟೆ, ಆ ದುಡ್ಡು ಸಾರ್ಥಕವಾಯಿತು.

ಹಾಸಿದ ಸೀಳುಗಳನ್ನು ನೋಡುತ್ತಾ ಕುಳಿತಾಗ ನನಗೆ ಗೊತ್ತಿದ್ದ ಸಂಗತಿಗಳೇ ಬೇರೆಯಾಗಿ ಕಂಡವು. ಶಹಾಪುರ 1948ರವರೆಗೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದು, ಬಂಗಾರ ಮತ್ತು ಸೀರೆಯ ವ್ಯಾಪಾರಕ್ಕೆ ಹೆಸರಾದದ್ದು. 1962ರ ಪುಸ್ತಕದಲ್ಲಿ ಸರಾಫರು ಮತ್ತು ಒಡವೆ ಮಾಡುವ ಪತ್ತಾರರು ಸೇರಿ ಇಪ್ಪತ್ತಮೂರು ಹೆಸರುಗಳಿವೆ, ಹೆಚ್ಚಿನವರದು ಐದು ರೂಪಾಯಿಯ ಪಟ್ಟಿ. 1963ರಲ್ಲಿ ಹದಿನಾಲ್ಕೇ ಹೆಸರು, ಅದರಲ್ಲಿಯೂ ಪತ್ತಾರರದು ಒಂದೊಂದು ರೂಪಾಯಿ. ಆ ಜನವರಿಯಲ್ಲಿ ಕೇಂದ್ರ ಸರ್ಕಾರ ಚಿನ್ನ ನಿಯಂತ್ರಣದ ನಿಯಮಗಳನ್ನು ತಂದು, 14 ಕ್ಯಾರೆಟ್‌ಗಿಂತ ಮೇಲಿನ ಒಡವೆ ಮಾಡುವುದನ್ನು ನಿಷೇಧಿಸಿತ್ತು. ಪತ್ತಾರರು ಕೆಲಸ ಕಳೆದುಕೊಂಡ ಮಾತನ್ನು ಚಿಕ್ಕಂದಿನಲ್ಲಿ ಕೇಳಿದ್ದೆ. ಐದು ರೂಪಾಯಿ ಒಂದಾದದ್ದನ್ನೂ, ಆ ಒಂದನ್ನೂ ಗಣಪತಿಗೆ ತಪ್ಪಿಸದೆ ಕೊಟ್ಟದ್ದನ್ನೂ ಅವರವರ ಹೆಸರಿನ ಮುಂದೆ ನೋಡಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಎದ್ದುಹೋದೆ. ಎಸ್‌ಟಿಡಿ ಬೂತುಗಳದು ಇನ್ನೊಂದು ಕಥೆ. 1991ರಲ್ಲಿ ಮೊದಲನೆಯದು ಬರುತ್ತದೆ, 1999ರ ಹೊತ್ತಿಗೆ ಒಂಬತ್ತಾಗುತ್ತವೆ, 2004ರಲ್ಲಿ ಎರಡು ಉಳಿಯುತ್ತವೆ.

ಸಾಲು ಸಿಕ್ಕ ಮೇಲೆ ಹಿರಿಯರ ಬಳಿಗೆ ಮತ್ತೆ ಹೋದೆ. ಈ ಸಲ ಒಬ್ಬೊಬ್ಬರನ್ನೇ, ಶಟರು ತೆರೆಯುವ ಮುಂಚೆ ಬೆಳಗಿನ ಆರಕ್ಕೆ ಪೇಟೆಯಲ್ಲಿ ನಡೆಸಿದೆ. "ಇಲ್ಲೇನಿತ್ತು" ಎಂದು ಕೇಳುವುದನ್ನು ಬಿಟ್ಟು "ಇವರ ಬಾಜೂಕ ಯಾರು ಕೂಡ್ತಿದ್ರು" ಎಂದು ಕೇಳಿದೆ. ಆ ಪ್ರಶ್ನೆಯಿಂದ ಕಲಾಯಿ ಅಂಗಡಿ ಪೂರ್ತಿಯಾಗಿ ಮರಳಿ ಬಂತು. ನೆಲದಲ್ಲಿ ತೋಡಿದ ಸಣ್ಣ ಭಟ್ಟಿ, ಅದಕ್ಕೆ ಚರ್ಮದ ತಿದಿ. ಹಿತ್ತಾಳೆಯ ಪಾತೇಲಿಯನ್ನು ಕೆಂಡದ ಮೇಲೆ ಇಕ್ಕಳದಿಂದ ತಿರುಗಿಸುತ್ತಾ, ಕಾದ ತಳಕ್ಕೆ ನವಸಾಗರದ ಪುಡಿ ಉದುರಿಸಿದರೆ ಮೂಗಿಗೆ ಅಡರುವ ಬಿಳಿಯ ಹೊಗೆ ಏಳುತ್ತಿತ್ತು. ಆ ಹೊಗೆಯಲ್ಲಿಯೇ ತವರದ ಕಡ್ಡಿಯನ್ನು ಒಮ್ಮೆ ಮುಟ್ಟಿಸಿ, ಅರಳೆಯ ಉಂಡೆಯಿಂದ ಸರ್ರನೆ ಒಂದು ಸುತ್ತು ಒರೆಸಿದರೆ ಒಳಗೆಲ್ಲ ಬೆಳ್ಳಿಯಂತಾಗುತ್ತಿತ್ತು. ನೀರಿಗೆ ಅದ್ದಿದಾಗ ಚುಯ್ ಎನ್ನುತ್ತಿತ್ತು. ಪಕ್ಕದ ಟೋಪಿ ಅಂಗಡಿಯವರು ಆ ಹೊಗೆ ತಮ್ಮ ಬಿಳಿ ಟೋಪಿಗಳಿಗೆ ತಾಕುತ್ತದೆಂದು ಇಳಿಬಿಟ್ಟಿದ್ದ ಗೋಣಿತಾಟಿನ ಪರದೆ ಮೂರು ಮಂದಿಗೆ ನೆನಪಿತ್ತು. ಮನೆಗಳಲ್ಲಿ ಸ್ಟೀಲು ಬಂದಂತೆ ಕಲಾಯಿಯವರ ಪಟ್ಟಿ ಎರಡು ರೂಪಾಯಿಯಲ್ಲಿಯೇ ನಿಂತು, 1987ರ ನಂತರ ಹೆಸರೇ ಕಾಣುವುದಿಲ್ಲ.

ಈ ನಡುವೆ ಒಂದು ಅಡ್ಡದಾರಿಯನ್ನೂ ಹಿಡಿದೆ. ಲಗ್ನದಲ್ಲಿ ಆಯೇರಿ ಮಾಡುವ ಭಾಂಡೆಗಳ ಮೇಲೆ ಕೊಟ್ಟವರ ಹೆಸರು, ತಾರೀಖು ಹಾಕಿಸುವುದು ನಮ್ಮಲ್ಲಿ ಪದ್ಧತಿ. ಭಾಂಡೆ ಅಂಗಡಿಯ ಕಟ್ಟೆಯ ಮೇಲೆ ಒಬ್ಬರು ಕುಳಿತು ಸಣ್ಣ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಅಕ್ಷರ ಬಡಿಯುತ್ತಿದ್ದರು. ಆ ಅಕ್ಷರಗಳಿಂದ ಬಡಿದವರ ಕೈಯನ್ನು ಗುರುತಿಸಬಹುದೇ ಎಂದು ನೆಂಟರ ಮನೆಗಳ ಅಟ್ಟದಿಂದ ಎಪ್ಪತ್ತರಷ್ಟು ತಂಬಿಗೆ, ಪಾತೇಲಿ, ಪರಾತ ಇಳಿಸಿ, ಕಾಗದವಿಟ್ಟು ಪೆನ್ಸಿಲಿನಿಂದ ತಿಕ್ಕಿ ಪಡಿಯಚ್ಚು ತೆಗೆದೆ. ಮೂರು ಕೈಗಳು ಸ್ಪಷ್ಟವಾಗಿ ಬೇರೆಯಾದವು. ಅವುಗಳಲ್ಲಿ ಒಬ್ಬರು "ಳ" ಅಕ್ಷರದ ಕೊನೆಗೆ ಯಾವಾಗಲೂ ಒಂದು ಚುಕ್ಕೆ ಹೆಚ್ಚಿಗೆ ಬಡಿದಿದ್ದಾರೆ. ಇದರಿಂದ ಒಂದು ಭಾಂಡೆ ಅಂಗಡಿ ಮುಚ್ಚಿದ ವರ್ಷ ಗಟ್ಟಿಯಾಯಿತೇ ಹೊರತು ಹೆಚ್ಚೇನೂ ಸಿಗಲಿಲ್ಲ, ಆದರೂ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಎರಡು ತಿಂಗಳು ಅವು. ಬಟ್ಟೆಯ ಚೀಲಗಳ ಮೇಲಿನ ಅಂಗಡಿ ಹೆಸರುಗಳನ್ನೂ ಕೂಡಿಸಿ ನೋಡಿದೆ. ತೊಳೆದು ತೊಳೆದು ಅಕ್ಷರ ಹೋಗಿರುವುದರಿಂದ ಕೈಬಿಟ್ಟೆ.

ವಿಧಾನ ಸರಿಯೆಂದು ನನಗೆ ಖಾತ್ರಿಯಾದದ್ದು ಬಳೆ ಅಂಗಡಿಯ ಮನೆತನದ ಒಬ್ಬ ಅಜ್ಜಿಯ ಎದುರಿಗೆ. ಎಂಬತ್ತು ದಾಟಿದವರು, ಕಣ್ಣು ಮಂಜಾಗಿ ವಡಗಾವಿಯ ಮಗಳ ಮನೆಯಲ್ಲಿದ್ದರು. 1971ರ ಸಾಲನ್ನು ನಾನು ಓದುತ್ತಾ ಹೋದಂತೆ, ಪುಟ ತಿರುಗಿಸುವ ಮೊದಲೇ ಮುಂದಿನ ಹೆಸರನ್ನು ಅವರು ಹೇಳತೊಡಗಿದರು. ಒಂದು ಕಡೆ ತಡೆದು, "ತಮ್ಮಾ, ಸೋಡಾದಾವ ಎಲ್ಲಿ ಹ್ವಾದ?" ಎಂದರು. ಸೋಡಾ ಅಂಗಡಿ 1970ರಲ್ಲಿಯೂ 1972ರಲ್ಲಿಯೂ ಅದೇ ಜಾಗದಲ್ಲಿತ್ತು, 1971ರಲ್ಲಿ ಮಾತ್ರ ಪಾವತಿ ಇರಲಿಲ್ಲ. ನಾನು ಹಾಗೆಂದಾಗ ಅಜ್ಜಿ ಸ್ವಲ್ಪ ಯೋಚಿಸಿ, "ಹೌದ್ ನೋಡ, ಆ ವರ್ಷ ಅವರ ಮನ್ಯಾಗ ಸೂತಕ ಇತ್ತ. ಅವಾ ಪಟ್ಟಿ ಕೊಟ್ಟಿರಾಕಿಲ್ಲ" ಎಂದರು. ಕೊಡದೇ ಇದ್ದವರು ಎಲ್ಲಿ ಹೋದರು ಎಂದು ಉಪನ್ಯಾಸಕರು ಕೇಳಿದ್ದಕ್ಕೆ ಇದಕ್ಕಿಂತ ಬೇರೆ ಉತ್ತರ ನನಗೆ ಬೇಕಾಗಿರಲಿಲ್ಲ. ಹಿಂದಿನ ಮುಂದಿನ ವರ್ಷಗಳ ಸೀಳುಗಳ ನಡುವೆ ಖಾಲಿ ಮನೆ ಕಂಡರೆ ಅಲ್ಲಿ ಯಾರನ್ನು ಏನೆಂದು ಕೇಳಬೇಕೆಂಬುದು ಗೊತ್ತಾಗುತ್ತದೆ.

ಆಮೇಲೆ, ಚಾರ್ಟು ಮುಗಿಯುವ ಹೊತ್ತಿಗೆ, ವಿಸರ್ಜನೆಯ ಮೆರವಣಿಗೆಯ ಹಳೆಯ ಫೋಟೊ ಒಂದು ಸಿಕ್ಕಿತು. ಜನರ ತಲೆಗಳ ಮೇಲೆ ಆರು ಬೋರ್ಡುಗಳು ಕಾಣುತ್ತಿದ್ದವು. ಐದು ನನ್ನ ಸಾಲಿನಲ್ಲಿದ್ದ ಕ್ರಮದಲ್ಲಿಯೇ ಇದ್ದವು. ಆರನೆಯದು ಒಂದು ಟೇಲರ್ ಅಂಗಡಿ, ನನ್ನ ಯಾವ ವರ್ಷದ ಸೀಳಿನಲ್ಲಿಯೂ ಇಲ್ಲದ್ದು. ಮಸೂರ ಹಿಡಿದು ನೋಡಿದಾಗ ಬೋರ್ಡು ಮಾಳಿಗೆಯ ಕಟಾಂಜನಕ್ಕೆ ಕಟ್ಟಿದ್ದು ಕಂಡಿತು. ಪಟ್ಟಿ ಎತ್ತುವ ಹುಡುಗರು ಮೇಲೆ ಹತ್ತುತ್ತಿರಲಿಲ್ಲ! ಹಾಗಾಗಿ ಮಾಳಿಗೆಯ ಮೇಲಿದ್ದ ಟೇಲರುಗಳು, ಟೈಪಿಂಗ್ ಕ್ಲಾಸುಗಳು, ವಕೀಲರ ಕೋಣೆಗಳು ಎಲ್ಲವೂ ನನ್ನ ಚಾರ್ಟಿನಲ್ಲಿ ತಪ್ಪಿಹೋಗಿವೆ. ಇದನ್ನು ಅನುಸರಿಸುವವರು ಈ ಕೊರತೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಫೋಟೊ ನೋಡಿದ ಆ ಉಪನ್ಯಾಸಕರು ಈಗ ತಮ್ಮ ವಿದ್ಯಾರ್ಥಿಗಳನ್ನು ನನ್ನಲ್ಲಿಗೆ ಕಳಿಸುತ್ತಾರೆ.

ಖರ್ಚಿನ ಲೆಕ್ಕವನ್ನು ನೆನಪಿದ್ದಷ್ಟು ಹೇಳುತ್ತೇನೆ. ಮೊದಲ ಸಭೆ, ಮಧ್ಯವರ್ತಿ, ಫೋಟೊ ಪ್ರತಿಗಳು ಈ ಮೂರಕ್ಕೆ ಇಪ್ಪತ್ತು ಸಾವಿರ. ಉತಾರಗಳಿಗೆ ಮೂರು ಸಾವಿರ, ಹಳೆಯ ಸ್ಕ್ಯಾನರಿಗೆ ಎಂಟೂವರೆ, ಪುಸ್ತಕಗಳನ್ನು ನಕಲು ಮಾಡಿದ ಇಬ್ಬರು ಕಾಲೇಜು ಹುಡುಗರಿಗೆ ಹತ್ತು, ಕಾಗದ, ಮೋಡಿ ಓದಿದವರ ಸಂಭಾವನೆ ಮತ್ತು ಕೊನೆಯ ಇಪ್ಪತ್ತು ಅಡಿ ಉದ್ದದ ಫ್ಲೆಕ್ಸ್ ಚಾರ್ಟು ಸೇರಿ ಏಳು. ಉಳಿದ ಹನ್ನೆರಡರಷ್ಟು ರಿಕ್ಷಾ, ಚಹಾ ಮತ್ತು ಹಿರಿಯರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಒಯ್ದ ಕುಂದಾಕ್ಕೆ. ಈಗ ಮತ್ತೆ ಮಾಡುವುದಾದರೆ ಇಪ್ಪತ್ತೈದು ಸಾವಿರದಲ್ಲಿ ಮುಗಿಸುತ್ತೇನೆ, ಕುಂದಾ ಬಿಡುವುದಿಲ್ಲ. ಟ್ರಂಕಿನ ಕೀಲಿ ಇಟ್ಟುಕೊಂಡ ಮನೆತನದವರು ಅದನ್ನು ತೆರೆಯುವಂತೆ ಮಾಡುವ ಬಗೆಯನ್ನೂ ನಾನು ಇಲ್ಲಿ ಬರೆಯುವುದಿಲ್ಲ; ಎದುರಿಗೆ ಬಂದು ಕೇಳಿದವರಿಗೆ ಹೇಳುತ್ತೇನೆ.

ಇದೇ ಬೆಳಗಾವಿಯಲ್ಲಿ 1888ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಸೈಕಲ್ ಅಂಗಡಿ ತೆರೆದರು, 1910ರಲ್ಲಿ ಅವರ ಕಾರಖಾನೆ ಕಿರ್ಲೋಸ್ಕರವಾಡಿಗೆ ಹೋಯಿತು, ಅವರ ಹೆಸರು ಒಂದು ರಸ್ತೆಗೆ ಉಳಿಯಿತು. ಆ ಸೈಕಲ್ ಅಂಗಡಿಯ ಎಡಬಲಕ್ಕೆ ಯಾರಿದ್ದರು ಎಂದು ನಾನು ಕೇಳಿದವರಲ್ಲಿ ಒಬ್ಬರೂ ಹೇಳಲಿಲ್ಲ. ನನಗೆ ಬೇಕಾದದ್ದು ಆ ಎಡಬಲದವರು. ಬಾಗಲಕೋಟೆಯ ಗೆಳೆಯರಿಗೆ ಈ ಕೆಲಸ ನಮಗಿಂತ ಹೆಚ್ಚು ತುರ್ತಿನದು. ಆಲಮಟ್ಟಿಯ ಹಿನ್ನೀರು ಅವರ ಹಳೆಯ ಊರಿನ ಅನೇಕ ಓಣಿಗಳನ್ನು ನುಂಗಿ, ಅಲ್ಲಿಯ ಜನ ನವನಗರಕ್ಕೆ ಹೋದ ಮೇಲೆ, ಬೆಳಗಿನ ಆರಕ್ಕೆ ಹಿರಿಯರನ್ನು ನಡೆಸಲು ಆ ಓಣಿಗಳಲ್ಲಿ ರಸ್ತೆಯೇ ಉಳಿದಿಲ್ಲ. ಗಣಪತಿಯದೋ ಹೋಳಿಯದೋ ಪಟ್ಟಿಯ ಪುಸ್ತಕಗಳು ನವನಗರದ ಯಾವುದಾದರೂ ಅಟ್ಟದ ಮೇಲಿದ್ದರೆ ಈ ವರ್ಷವೇ ಇಳಿಸಿ ನೋಡಬೇಕು.

ನಾನು ಈಗ ಮಾಳಿಗೆಗಳನ್ನು ಹಿಡಿದಿದ್ದೇನೆ. ಟೇಲರುಗಳು ರವಿಕೆಯ ಅಳತೆ ಬರೆಯುತ್ತಿದ್ದ ಪುಸ್ತಕಗಳು ಎರಡು ಸಿಕ್ಕಿವೆ, ಅವುಗಳಲ್ಲಿ ಗಿರಾಕಿಗಳ ವಿಳಾಸವೂ ಇದೆ. ಕೆಳಗಿನ ಸಾಲಿನಲ್ಲಿ ಹದಿನಾಲ್ಕು ವರ್ಷಗಳ ಜಾಗ ಇನ್ನೂ ಖಾಲಿಯಿದೆ. ಅವುಗಳ ಪೈಕಿ 1976 ಮತ್ತು 1977ರ ಪುಸ್ತಕಗಳು ಆಗಿನ ಖಜಾಂಚಿಯ ಮಗಳ ಜೊತೆಗೆ ಲಗ್ನದ ಟ್ರಂಕಿನಲ್ಲಿ ಖಾನಾಪುರದ ಕಡೆಗೆ ಹೋದವೆಂದು ಕೇಳಿದ್ದೇನೆ. ಮಳೆ ನಿಂತ ಮೇಲೆ ಹೋಗಿ ಬರಬೇಕು.